ಆವೇಶದ ಲೆಕ್ಕ ಬೇರೆ, ದ್ರವ್ಯರಾಶಿಯ ಲೆಕ್ಕ ಬೇರೆ

ಒಂಬತ್ತನೇ ತರಗತಿಯಲ್ಲಿ ಪರಮಾಣುವಿನ ರಚನೆ ಶುರುವಾಗುವಾಗ, ಮನೆಯಿಂದ ಒಂದು ಹಿಡಿ ಪಾರ್ಚ್‌ಮೆಂಟ್ ಕಾಫಿ ಬೀಜ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಬೀಜ), ಒಂದಿಷ್ಟು ಕರಿಮೆಣಸು ತರಲು ಮಕ್ಕಳಿಗೆ ಹೇಳುತ್ತೇನೆ. ಕೊಡಗಿನಲ್ಲಿ ಇವೆರಡಕ್ಕೂ ಹುಡುಕಾಡಬೇಕಿಲ್ಲ. ಅರ್ಧ ಬೀಜಕ್ಕೆ ಕೆಂಪು ಶಾಯಿ ಹಚ್ಚಿದರೆ ಪ್ರೋಟಾನು, ಹಚ್ಚದವು ನ್ಯೂಟ್ರಾನು, ಮೆಣಸಿನ ಕಾಳು ಎಲೆಕ್ಟ್ರಾನು. (ಶಾಯಿ ಹಚ್ಚಿದ್ದು ಮತ್ತೆ ಮನೆಯ ಚೀಲಕ್ಕೆ ಸೇರಬಾರದು.) ಪ್ರೋಟಾನಿಗೆ ಒಣ ಚೆರಿ (ಇಡಿಯಾಗಿ ಒಣಗಿಸಿದ ಕಾಫಿ ಹಣ್ಣು) ಬಳಸುವುದಿಲ್ಲ. ಚೆರಿ ದಪ್ಪ; ಪ್ರೋಟಾನೇ ಹೆಚ್ಚು ಭಾರ ಎಂಬ ಭಾವನೆ ಕೂತುಬಿಡುತ್ತದೆ. ನಿಜಕ್ಕೂ ನ್ಯೂಟ್ರಾನೇ ತುಸು ಭಾರ. ಮೆಣಸು ಎಣಿಕೆಗೆ ಮಾತ್ರ, ತೂಕಕ್ಕಲ್ಲ: ಎಲೆಕ್ಟ್ರಾನು ಪ್ರೋಟಾನಿನ 1,836ರಲ್ಲಿ ಒಂದು ಪಾಲು.

ಪ್ರಶ್ನೆಯಲ್ಲಿ 8 ಪ್ರೋಟಾನು, 8 ನ್ಯೂಟ್ರಾನು, 10 ಎಲೆಕ್ಟ್ರಾನು ಕೊಟ್ಟು ಒಟ್ಟು ಆವೇಶ, ಒಟ್ಟು ದ್ರವ್ಯರಾಶಿ ಕೇಳಿದ್ದಾರೆ ಅನ್ನೋಣ. ಮೊದಲು ಆವೇಶ: ಪ್ರೋಟಾನಿಗೆ +1, ಎಲೆಕ್ಟ್ರಾನಿಗೆ −1, ನ್ಯೂಟ್ರಾನಿಗೆ ಸೊನ್ನೆ. ಒಂದು ಕೆಂಪು ಬೀಜಕ್ಕೆ ಒಂದು ಮೆಣಸು ಜೋಡಿಸಿ ಪಕ್ಕಕ್ಕಿಟ್ಟರೆ ಎರಡು ಮೆಣಸು ಉಳಿಯುತ್ತವೆ. ನಿವ್ವಳ ಆವೇಶ −2. ಆವೇಶದ ಏಕಮಾನವಾದ ಕೂಲಂಬಿನಲ್ಲಿ ಕೇಳಿದರೆ 1.602 × 10⁻¹⁹ರಿಂದ ಗುಣಿಸಿ: −3.204 × 10⁻¹⁹.

ದ್ರವ್ಯರಾಶಿಗೆ ಹೊಸ ಕಾಲಂ ಎಳೆಯಲೇಬೇಕು. ಇಲ್ಲದಿದ್ದರೆ ಎಲೆಕ್ಟ್ರಾನಿನ ಋಣ ಚಿಹ್ನೆ ಇಲ್ಲಿಗೂ ನುಸುಳಿ, ಕೂಡಬೇಕಾದದ್ದನ್ನು ಮಕ್ಕಳು ಕಳೆಯುತ್ತಾರೆ. ಅತಿ ಹೆಚ್ಚು ಕಾಣುವ ತಪ್ಪು ಇದೇ. ಅದನ್ನು ಹಿಡಿಯಲು ಒಂದು ಪ್ರಶ್ನೆ ಸಾಕು: ಒಂದು ಎಲೆಕ್ಟ್ರಾನು, ಒಂದು ಪಾಸಿಟ್ರಾನು (ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯ, ಧನ ಆವೇಶದ ಕಣ) ಸೇರಿದರೆ ಎಷ್ಟು? ಆವೇಶ ಸೊನ್ನೆ. ದ್ರವ್ಯರಾಶಿ ಸೊನ್ನೆಯಲ್ಲ, ಎರಡು ಎಲೆಕ್ಟ್ರಾನುಗಳಷ್ಟು.

ಸ್ಥೂಲವಾಗಿ 8 + 8 = 16 ಏಕಮಾನ ಎಂದರೆ ಪರೀಕ್ಷೆಗೆ ಸಾಕಾಗುತ್ತದೆ. ನಿಖರವಾಗಿ ಬೇಕಾದರೆ ಪರಮಾಣು ದ್ರವ್ಯರಾಶಿ ಏಕಮಾನದಲ್ಲಿ ಹೀಗೆ:

8 × 1.007276 = 8.058208
8 × 1.008665 = 8.069320
10 × 0.000549 = 0.005490

ಒಟ್ಟು 16.133. ಕಿಲೋಗ್ರಾಂನಲ್ಲಿ ಸುಮಾರು 2.679 × 10⁻²⁶. ನೇರವಾಗಿ ಕಿಲೋಗ್ರಾಂನಲ್ಲೇ ಕೂಡುವವರು ಘಾತಗಳನ್ನು ಮೊದಲು ಸರಿದೂಗಿಸಿಕೊಳ್ಳಿ. ಎಲೆಕ್ಟ್ರಾನಿನ 9.109 × 10⁻³¹ ಅನ್ನು 0.0009109 × 10⁻²⁷ ಎಂದು ಬರೆದ ಮೇಲೆಯೇ ಪ್ರೋಟಾನಿನ 1.6726 × 10⁻²⁷ರ ಕೆಳಗೆ ಇಡಿ. 9.1 ಮತ್ತು 1.67 ಎಂಬ ಅಂಕಿಗಳನ್ನಷ್ಟೇ ನೋಡಿ ಕೂಡಿದರೆ ಎಲೆಕ್ಟ್ರಾನು ಪ್ರೋಟಾನಿಗಿಂತ ಭಾರವಾಗಿ ಕೂತಿರುತ್ತದೆ!

ಚುರುಕಾದ ಮಕ್ಕಳು ಕೇಳುತ್ತಾರೆ: ಇದು ಆಕ್ಸಿಜನ್-16ರ ಅಯಾನು (ಎಲೆಕ್ಟ್ರಾನು ಹೆಚ್ಚಾಗಿ ಆವೇಶ ಪಡೆದ ಪರಮಾಣು) ತಾನೇ, ಕೋಷ್ಟಕದ ಪ್ರಕಾರ 15.996 ಬರಬೇಕಲ್ಲ? ಬಹಳ ಒಳ್ಳೆಯ ಪ್ರಶ್ನೆ, ಅವಸರದಲ್ಲಿ ದಾಟಿಸಬಾರದು. ನಾವು ಕೂಡಿದ್ದು ಬಿಡಿಬಿಡಿಯಾಗಿರುವ ಕಣಗಳನ್ನು. ಅವು ಬೀಜಕೇಂದ್ರವಾಗಿ ಕಟ್ಟಿಕೊಳ್ಳುವಾಗ ಸುಮಾರು 127.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬೀಳುತ್ತದೆ, ಕಡಿಮೆಯಾದ 0.137 ಏಕಮಾನ ಆ ಬಂಧನ ಶಕ್ತಿಗೆ ಸಮ. ಆವೇಶ ಮಾತ್ರ ಬಿಡಿಯಾಗಿದ್ದರೂ ಕಟ್ಟಿಕೊಂಡರೂ −2. ಹಾಗಾಗಿ ಪ್ರಶ್ನೆಯಲ್ಲಿ ಇರುವುದು ಬಿಡಿ ಕಣಗಳೋ ಅಯಾನೋ ಎಂದು ಗುರುತು ಹಾಕಿಸಿದ ಮೇಲೆಯೇ ದಶಾಂಶದ ಲೆಕ್ಕಕ್ಕೆ ಕೈ ಹಾಕಿಸುತ್ತೇನೆ.