ಮಳೆಗಾಲದಲ್ಲಿ ಚೀಸ್ ಫಿಂಗರ್ ಸ್ಯಾಂಡ್‌ವಿಚ್: ಕೆಡಿಸಿ ಕಲಿತದ್ದು

ಮಗಳ ಹುಟ್ಟುಹಬ್ಬ ಬರುವುದು ಜುಲೈನಲ್ಲಿ. ತೀರ್ಥಹಳ್ಳಿ ಕಡೆಯ ಜುಲೈ ಅಂದರೆ ಗೊತ್ತಲ್ಲ, ಉಪ್ಪಿನ ಡಬ್ಬಿಯಲ್ಲೂ ನೀರು.

ಹೋದ ವರ್ಷ ಚೀಸ್ ಜೊತೆ ಸೌತೆಕಾಯಿ ಬಿಲ್ಲೆ ಇಟ್ಟು ಬೆಳಿಗ್ಗೆಯೇ ಸ್ಯಾಂಡ್‌ವಿಚ್ ಮಾಡಿಟ್ಟಿದ್ದೆ. ಸಂಜೆ ಮುಚ್ಚಳ ತೆಗೆದರೆ ಬ್ರೆಡ್ ಒದ್ದೆ ಬಟ್ಟೆ ಥರ ಆಗಿತ್ತು. ವಾರಕ್ಕೆರಡು ಸಲ ಕೋಸಂಬರಿ ಮಾಡುವವಳಿಗೆ ಉಪ್ಪು ತಾಗಿದರೆ ಸೌತೆಕಾಯಿ ನೀರು ಬಿಡುತ್ತದೆ ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಚೀಸ್‌ನಲ್ಲೂ ಪ್ಯಾಕೆಟ್ ಬೆಣ್ಣೆಯಲ್ಲೂ ಉಪ್ಪು ಇದ್ದೇ ಇರುತ್ತದೆ ಅನ್ನುವುದು ಆಗ ತಲೆಗೆ ಹೋಗಲಿಲ್ಲ. ಅದರ ಮೇಲೆ ನಮ್ಮ ಅತ್ತೆ, "ಎಂತ ಮಾರಾಯ್ತಿ, ಜ್ವರ ಬಂದವರಿಗೆ ಕೊಟ್ಟ ಹಾಗೆ ಬ್ರೆಡ್ ಕೊಡ್ತೀಯಲ್ಲ" ಅಂದಿದ್ದರು.

ಈ ಸಲ ಸೌತೆಕಾಯಿ, ಟೊಮೇಟೊ ಯಾವುದೂ ಬೇಡ ಅಂತ ತೀರ್ಮಾನ ಮಾಡಿದೆ. ಮೂವತ್ತು ಜನ, ತಲೆಗೆ ಮೂರು ಫಿಂಗರ್, ಅಂದರೆ ಬೆರಳಿನ ಹಾಗೆ ಉದ್ದಕ್ಕೆ ಕತ್ತರಿಸಿದ ತುಂಡು. ಒಂದು ಸ್ಯಾಂಡ್‌ವಿಚ್‌ನಿಂದ ಮೂರು ಬರುತ್ತವೆ, ಹಾಗಾಗಿ 60 ಸ್ಲೈಸ್ ಬೇಕು. ಬ್ರೆಡ್ಡನ್ನು ಹಿಂದಿನ ದಿನವೇ ತಂದಿಟ್ಟೆ. ಅದೇ ದಿನದ ಬ್ರೆಡ್ ಮೆತ್ತಗಿದ್ದು ಚಾಕು ತಾಗಿದರೆ ಸಾಕು ಮುದ್ದೆಯಾಗುತ್ತದೆ. ಅದಕ್ಕಿಂತ ಮೊದಲೇ ತಂದರೆ ಈ ಥಂಡಿಗೆ ಬೂಸು ಹಿಡಿಯುತ್ತದೆ.

200 ಗ್ರಾಂನ ಮೂರು ಡಬ್ಬಿ ಚೀಸ್ ಕ್ಯೂಬ್ ತುರಿದೆ. ತುರಿಯುವ ಮಣೆಗೆ ಒಂದು ಹನಿ ಎಣ್ಣೆ ಸವರಿಕೊಂಡರೆ ಚೀಸ್ ಅಂಟುವುದಿಲ್ಲ. ಅದಕ್ಕೆ 200 ಗ್ರಾಂ ಬೆಣ್ಣೆ, ತೋಟದ ಕಾಳುಮೆಣಸಿನ ತರಿ ಪುಡಿ. ದೊಡ್ಡವರ ಪಾಲಿಗೆ ಮಾತ್ರ ಎರಡು ಸೂಜಿಮೆಣಸು ಜಜ್ಜಿ ಹಾಕಿದೆ. ಉಪ್ಪು ಬೇಡವೇ ಬೇಡ. ಬೆಣ್ಣೆ ನಮ್ಮಲ್ಲಿ ಮಳೆಗಾಲಕ್ಕೆ ಕಲ್ಲಾಗಿರುತ್ತದೆ, ಬಚ್ಚಲು ಒಲೆಯ ಕಟ್ಟೆ ಮೇಲೆ ಬಟ್ಟಲು ಇಟ್ಟು ಬೆರಳು ಒತ್ತಿದರೆ ಇಳಿಯುವಷ್ಟು ಮೆದು ಮಾಡಿಕೊಂಡೆ. ಕರಗಿಸಬಾರದು, ಕರಗಿದರೆ ಎಣ್ಣೆ ಬೇರೆಯಾಗಿ ಚೀಸ್ ಜೊತೆ ಕೂಡುವುದಿಲ್ಲ. ಮನೆ ಬೆಣ್ಣೆಯೂ ಆಗುವುದಿಲ್ಲ, ಅದರಲ್ಲಿ ಮಜ್ಜಿಗೆಯ ಹನಿ ಉಳಿದಿರುತ್ತದೆ, ಮತ್ತೆ ಅದೇ ನೀರಿನ ಕತೆ.

ಹಚ್ಚುವಾಗ ನಡುವೆ ಗುಡ್ಡೆ ಹಾಕಿ ಬಿಟ್ಟರೆ ತುದಿ ಒಣಗಿ ಬಾಯಿ ಬಿಡುತ್ತದೆ. ಅಂಚಿನವರೆಗೂ ಹಚ್ಚಿ, ಇನ್ನೊಂದು ಸ್ಲೈಸ್ ಮುಚ್ಚಿ, ಆಮೇಲೆ ಕಂದು ಅಂಚು ಕತ್ತರಿಸಬೇಕು. ಮೊದಲೇ ಅಂಚು ತೆಗೆದರೆ ಎರಡು ಸ್ಲೈಸ್ ಸಮ ಕೂರುವುದಿಲ್ಲ. ಹಲ್ಲಿರುವ ಚಾಕುವನ್ನು ಒತ್ತದೆ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿ, ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಫಿಂಗರ್ ನೀಟಾಗಿ ಬರುತ್ತದೆ. ನಾನು ಮೂರ್ನಾಲ್ಕು ಸಲ ಒರೆಸುವುದು ಬಿಟ್ಟೆ, ಆ ಫಿಂಗರ್‌ಗಳ ಪಕ್ಕಕ್ಕೆಲ್ಲ ಚೀಸ್ ಮೆತ್ತಿಕೊಂಡಿತು, ಅವನ್ನು ಅಡುಗೆಮನೆಯಲ್ಲೇ ತಿಂದು ಮುಗಿಸಿದೆವು.

ಮುಚ್ಚಿಡುವುದಕ್ಕೆ ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆ, ಅದರ ಮೇಲೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ. ಬಟ್ಟೆ ನೇರ ಬ್ರೆಡ್ಡಿಗೆ ತಾಗಬಾರದು. ಮೂರು ಗಂಟೆಗೆ ಮುಚ್ಚಿಟ್ಟೆ, ನಾಲ್ಕಕ್ಕೆ ಕರೆಂಟ್ ಹೋಯಿತು, ಐದೂವರೆಗೆ ಮೇಣದಬತ್ತಿ ಬೆಳಕಲ್ಲೇ ತಟ್ಟೆ ಹೊರಗೆ ಬಂತು. ಒಂದೂ ಒದ್ದೆಯಾಗಿರಲಿಲ್ಲ.

ಉಳಿದ ಅಂಚುಗಳನ್ನು ತುಪ್ಪ, ಜೀರಿಗೆ ಹಾಕಿ ಕಾವಲಿ ಮೇಲೆ ಗರಿಗರಿಯಾಗಿ ಹುರಿದೆ. ಅತ್ತೆ ಈ ಸಲ ಜ್ವರದ ಮಾತೆತ್ತಲಿಲ್ಲ. ಸ್ಯಾಂಡ್‌ವಿಚ್ ಒಂದೇ ಒಂದು ತಿಂದರು, ಆ ಅಂಚಿನ ಡಬ್ಬಿ ಮಾತ್ರ ರಾತ್ರಿ ಅವರ ಕೋಣೆಗೆ ಹೋಯಿತು.