ಎನ್‌ಐಸಿಯು ಕೂಸನ್ನು ಮುಟ್ಟುವ ಮುನ್ನ

ಜಗಳೂರು ಕಡೆಯ ಅಜ್ಜಿಯೊಬ್ಬರು ಸೆರಗಿನ ಗಂಟಿನಿಂದ ಪುಟ್ಟ ಸೀಸೆ ತೆಗೆದು, "ಸಿಸ್ಟರ್, ಮನೆಯಲ್ಲೇ ಕಾಯಿಸಿದ ಹರಳೆಣ್ಣೆ. ಕೂಸಿನ ನೆತ್ತಿಗೆ ಒಂದು ತೊಟ್ಟು ಹಚ್ಚಿಬಿಡಿ" ಎಂದರು. ಕೂಸು ಹುಟ್ಟಿದ್ದು 29 ವಾರಕ್ಕೆ. ಅದರ ಚರ್ಮ ಅವರ ಹೊಲದ ಈರುಳ್ಳಿಯ ಒಳಪೊರೆಯಷ್ಟೇ ತೆಳು. ದಾವಣಗೆರೆಯ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇಂಥ ಕೂಸುಗಳನ್ನೇ ನೋಡಿಕೊಂಡು ಬಂದ ನಾನು, ಅಂದು ಅಜ್ಜಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೆಲ್ಲರ ನೆತ್ತಿ, ಹಣೆ, ಎದೆಯ ಮೇಲೆ ಮಲಸೇಜಿಯಾ ಎಂಬ ಶಿಲೀಂಧ್ರವಿರುತ್ತದೆ. ಜಿಡ್ಡೇ ಅದರ ಊಟ. ಪ್ರಯೋಗಾಲಯದಲ್ಲಿ ಬೆಳೆಸುವಾಗ ಆಲಿವ್ ಎಣ್ಣೆ ಹಾಕುವುದೂ ಅದಕ್ಕೇ. ಕೂಸುಗಳ ಮೈಮೇಲೂ ಅದು ಕೆಲವೇ ವಾರಗಳಲ್ಲಿ ನೆಲೆಸುತ್ತದೆ, ಬಹುಪಾಲು ತೊಂದರೆ ಕೊಡುವುದಿಲ್ಲ. ಆದರೆ ರಕ್ತನಾಳದ ನಳಿಕೆಯಲ್ಲಿ ಕೊಬ್ಬಿನ ದ್ರಾವಣ ಹೋಗುತ್ತಿರುವಾಗ ಅದು ನಳಿಕೆಯೊಳಗೆ ಸೇರಿದರೆ ರಕ್ತಕ್ಕೇ ಸೋಂಕು. ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರ ತಾಯಿಯಿಂದಲೂ ಬರುತ್ತದೆ, ನಮ್ಮ ಕೈಗಳಿಂದಲೂ ಬರುತ್ತದೆ. ಅಮೆರಿಕದ ಒಂದು ಘಟಕದಲ್ಲಿ ಸಿಬ್ಬಂದಿಯ ಸಾಕುನಾಯಿಗಳ ಮೈಮೇಲಿನ ಮಲಸೇಜಿಯಾ ಅವರ ಕೈಗಂಟಿ ಕೂಸುಗಳನ್ನು ತಲುಪಿರಬೇಕೆಂದು 1998ರಲ್ಲಿ ವರದಿಯಾಗಿತ್ತು.

ಆದ್ದರಿಂದ ಮೊದಲು ಕೈ. ಉಂಗುರ, ಗಡಿಯಾರ, ಬಳೆ ತೆಗೆಯಿರಿ. ಬಾಣಂತಿಯ ಹಸಿರು ಬಳೆ ತೆಗೆಸಲು ಮನಸ್ಸು ಒಪ್ಪುವುದಿಲ್ಲ, ನನಗೂ ಗೊತ್ತು. ಕರವಸ್ತ್ರದಲ್ಲಿ ಕಟ್ಟಿಟ್ಟು ಹೊರಬಂದೊಡನೆ ತೊಡಿಸಿ. ಉಗುರು ಗಿಡ್ಡವಿರಲಿ. ಬೆಣ್ಣೆದೋಸೆ ತಿಂದು ನೇರ ಬಂದ ಅಪ್ಪಂದಿರ ಉಗುರಿನ ಸಂದಿಯಲ್ಲಿ ಜಿಡ್ಡು ಹಾಗೇ ಹೊಳೆಯುವುದನ್ನು ಕಂಡಿದ್ದೇನೆ. ಸೋಪು ಹಾಕಿ ಮೊಣಕೈವರೆಗೆ ತೊಳೆಯಿರಿ. ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರ ತುದಿ ಬಿಡದೆ ಪೂರ್ತಿ ಒಂದು ನಿಮಿಷ. ಆಮೇಲೆ ಮೊಬೈಲ್ ಮುಟ್ಟಿದರೆ, ತಲೆಗೂದಲು ಸರಿಪಡಿಸಿಕೊಂಡರೆ, ಮತ್ತೆ ಮೊದಲಿನಿಂದ.

ಕಾಂಗರೂ ಆರೈಕೆಗೆ, ಅಂದರೆ ಕೂಸಿನ ಬರಿಮೈಯನ್ನು ನಿಮ್ಮ ಬರಿ ಎದೆಗೆ ಒತ್ತಿ ಹಿಡಿಯುವುದಕ್ಕೆ, ಹೆದರಬೇಡಿ. ತಾಯಿಯ ಎದೆಯ ಬಿಸುಪಿನಷ್ಟು ಒಳ್ಳೆಯದು ಆ ಕೂಸಿಗೆ ಬೇರೆ ಇಲ್ಲ. ಎದೆಗೆ ಎಣ್ಣೆ, ಪೌಡರ್ ಬೇಡ. ಸ್ನಾನ ಮಾಡಿ ಒಗೆದ ಬಟ್ಟೆ ತೊಟ್ಟರೆ ಸಾಕು.

ಎಣ್ಣೆಯನ್ನಂತೂ ಕೇಳದೆ ಹಚ್ಚಬೇಡಿ. ಹಿಂದೊಮ್ಮೆ ಯಾರೋ ಗುಟ್ಟಾಗಿ ಹಚ್ಚಿದ್ದರು. ಪ್ಲಾಸ್ಟರ್ ಜಾರಿ ನಳಿಕೆ ಕಳಚಿತು, ಆ ಪುಟ್ಟ ಕೈಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ಕಂಕುಳು, ತೊಡೆಸಂದಿ ಕೆಂಪಾದರೆ, ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಸಿಸ್ಟರ್‌ಗೆ ತೋರಿಸಿ. ಮುಲಾಮು ನೀವೇ ತರಬೇಡಿ. ಕೂಸು ಉಸಿರು ಕಟ್ಟಿದರೆ, ಮಂಕಾದರೆ, ಮೈ ತಣ್ಣಗಾದರೆ ಆ ಕ್ಷಣವೇ ಕೂಗಿ ಕರೆಯಿರಿ.

ಅಜ್ಜಿ ಸೀಸೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಮನೆಗೆ ಕಳುಹಿಸುವ ದಿನ ಎಣ್ಣೆಯ ಮಾತನ್ನು ಡಾಕ್ಟರ ಹತ್ತಿರ ಅವರೇ ಎತ್ತಿದರು; ನೀವೂ ಅಂದೇ ಕೇಳಿ.