ಕಿಟಕಿ ಪರದೆ: ಮೊದಲು ಟೇಪು, ಕೊನೆಗೆ ಬಟ್ಟೆ

ಚಿಕ್ಕಪೇಟೆಗೆ ಹೋಗಿ ಬಟ್ಟೆ ಆರಿಸುವುದು, ಮನೆಗೆ ತಂದ ಮೇಲೆ ರಾಡ್ ಎಲ್ಲಿ ಹೊಡೆಯುವುದೆಂದು ಯೋಚಿಸುವುದು, ಇದು ರೂಢಿ. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿಗೆ ನಾನು ಪರದೆ ಮಾಡಿಸಿದ್ದು ಇದಕ್ಕೆ ತಲೆಕೆಳಗಾಗಿ. ಮೊದಲು ಕಿಟಕಿಯ ದಿಕ್ಕು ನೋಡಿದೆ, ಆಮೇಲೆ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದು, ಆಮೇಲೆ ರಾಡ್ ನಿಲ್ಲುವ ಜಾಗ. ಬಟ್ಟೆಯ ಮಾತು ಬಂದದ್ದು ಇಷ್ಟೆಲ್ಲ ಮುಗಿದ ಮೇಲೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಟಮಟ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಅಷ್ಟು ಮೇಲಿಂದ ಬೀಳುವ ಬಿಸಿಲನ್ನು ಸಜ್ಜಾ ತಾನೇ ತಡೆಯುತ್ತದೆ. ದಕ್ಷಿಣದ ಕಿಟಕಿಯಲ್ಲಿ ಬಿಸಿಲು ಒಳಗೆ ಬರುವುದು ಚಳಿಗಾಲದಲ್ಲಿ; ಆಗ ಅದನ್ನು ಯಾರೂ ಬೇಡವೆನ್ನುವುದಿಲ್ಲ. ಕಾಟ ಕೊಡುವುದು ಪಶ್ಚಿಮದ ಕಿಟಕಿ. ಸಂಜೆ ಸೂರ್ಯ ಕೆಳಗಿಳಿದಾಗ ಸಜ್ಜಾ ಇದ್ದೂ ಇಲ್ಲದ ಹಾಗೆ. ದುಡ್ಡು ಮತ್ತು ತಲೆ ಎರಡನ್ನೂ ನಾನು ಅಲ್ಲೇ ಹೆಚ್ಚು ಖರ್ಚು ಮಾಡಿದೆ.

ಒಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಿಸಿಲು ಒಮ್ಮೆ ಗಾಜು ದಾಟಿತೆಂದರೆ ಪರದೆ ಎಷ್ಟೇ ದಪ್ಪವಿದ್ದರೂ ಕಾವಿನ ಬಹುಪಾಲು ಕೋಣೆಯೊಳಗೇ ಉಳಿಯುತ್ತದೆ. ಕಡುಬಣ್ಣದ ಬಟ್ಟೆಯಾದರೆ ಅದೇ ಕಾದು ಒಲೆಯಾಗುತ್ತದೆ. ಗಾಜಿನ ಹೊರಗೆ ತಡೆದರೆ ಮಾತ್ರ ನಿಜವಾದ ತಂಪು. ಅದಕ್ಕೇ ಪಶ್ಚಿಮದ ಬಾಲ್ಕನಿಗೆ ಬಿದಿರಿನ ಚಿಕ್ (ಬಿದಿರುಕಡ್ಡಿ ಹೆಣೆದ, ಮೇಲಕ್ಕೆ ಸುತ್ತಿಡುವ ಪರದೆ) ಕಟ್ಟಿಸಿದೆ, ಕೆಳತುದಿಗೆ ಎರಡು ಹಗ್ಗ ಹಾಕಿ ರೇಲಿಂಗಿಗೆ ಬಿಗಿಯುವ ಹಾಗೆ. ಹಾಗೆ ಬಿಗಿಯದಿದ್ದರೆ ಮೊದಲ ಗಾಳಿಮಳೆಗೇ ಅದು ಗೋಡೆಗೆ ಬಡಿದು ಕಡ್ಡಿ ಮುರಿಯುತ್ತದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಹೊರಗಡೆ ಏನೂ ಕಟ್ಟಬಾರದೆಂಬ ನಿಯಮವಿರುತ್ತದೆ, ಮೊದಲೇ ಕೇಳಿಕೊಳ್ಳಿ. ಆಗ ಉಳಿಯುವ ದಾರಿ, ಗಾಜಿನ ಕಡೆ ಬಿಳಿ ಅಸ್ತರಿರುವ ಪರದೆ. ಇನ್ನು ಲಾವಂಚದ ಬೇರು ಹೆಣೆದ ತಟ್ಟಿಯ ಬಗ್ಗೆ ಕೇಳುವವರಿದ್ದಾರೆ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಚಿಮುಕಿಸಿದ ನೀರು ಆರುತ್ತಾ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ. ಮಂಗಳೂರಿನ ಕಡೆ ಗಾಳಿಯೇ ಒದ್ದೆ, ತಟ್ಟಿ ಆರುವುದಿಲ್ಲ, ಸೆಕೆ ಇನ್ನಷ್ಟು ಹೆಚ್ಚುತ್ತದೆ.

ಈಗ ಅಳತೆ. ಮಾಸ್ಟರ್ ಬೆಡ್‌ರೂಮಿನ ಕಿಟಕಿ 5 ಅಡಿ ಅಗಲ, 4 ಅಡಿ ಎತ್ತರ. ಕೆಳಗಟ್ಟೆ ನೆಲದಿಂದ 3 ಅಡಿ. ಅಂದರೆ ಕಿಟಕಿಯ ಮೇಲಂಚು 84 ಇಂಚಿನಲ್ಲಿ. ರಾಡನ್ನು ಅದಕ್ಕಿಂತ 5 ಇಂಚು ಮೇಲೆ, ಎರಡೂ ಬದಿಗೆ 6 ಇಂಚು ಹೊರಗೆ ಚಾಚಿಸಿ ಇಟ್ಟೆ: ಒಟ್ಟು 72 ಇಂಚು ರಾಡ್. ಗೋಡೆಯಲ್ಲಿ ಜಾಗವಿದ್ದರೆ 8–10 ಇಂಚು ಚಾಚಿಸುವುದು ಇನ್ನೂ ಒಳ್ಳೆಯದು, ಸರಿಸಿದ ಪರದೆ ಗಾಜಿನ ಮೇಲೆ ಕೂರದೆ ಗೋಡೆಯ ಮೇಲೆ ಕೂರುತ್ತದೆ.

ರೆಡಿಮೇಡ್ ಪರದೆ ಇಲ್ಲೇ ಕೈಕೊಡುವುದು. ಅವು 5, 7, 9 ಅಡಿ ಲೆಕ್ಕದಲ್ಲಿ ಸಿಗುತ್ತವೆ. 89 ಇಂಚಿನ ರಾಡಿಗೆ 84 ಇಂಚಿನ ಪರದೆ ಹಾಕಿದರೆ ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆಯ ಹಾಗೆ ಕಾಣುತ್ತದೆ. 9 ಅಡಿಯದನ್ನು ತಂದು ಕೆಳಗೆ ಕತ್ತರಿಸಿ ಹೊಲಿಸಬಹುದು. ನಾನು ಬಟ್ಟೆ ತಂದು ಹೊಲಿಸಿದೆ.

ಹೊಲಿಸುವ ಲೆಕ್ಕ ಹೀಗೆ. ರಿಂಗ್ ಪರದೆಗೆ, ಅಂದರೆ ಬಟ್ಟೆಗೇ ರಿಂಗು ಕೂರಿಸಿ ರಾಡಿಗೆ ಪೋಣಿಸುವ ಪರದೆಗೆ, ನೆರಿಗೆ ಚೆನ್ನಾಗಿ ಬೀಳಬೇಕೆಂದರೆ ಬಟ್ಟೆಯ ಅಗಲ ರಾಡಿನ ಎರಡರಷ್ಟಿರಬೇಕು: 72ರ ಎರಡರಷ್ಟು 144 ಇಂಚು. ಬಟ್ಟೆಯ ಪನ್ನ (ಥಾನಿನ ಅಗಲ) 48 ಇಂಚಾದರೆ ಅಂಥ ಮೂರು ಅಗಲ ಬೇಕು, ಅಂದರೆ ಬದಿಗೆ ಒಂದೂವರೆ ಅಗಲ. ಎಷ್ಟೋ ಟೈಲರುಗಳು ಎರಡು ಅಗಲದಲ್ಲೇ ಮುಗಿಸಿಬಿಡುತ್ತಾರೆ. ಮುಚ್ಚಿದಾಗ ನೆರಿಗೆಯೇ ಇಲ್ಲದೆ ಬೆಡ್‌ಶೀಟು ಒಣಹಾಕಿದ ಹಾಗಿರುತ್ತದೆ. ಅರ್ಧ ಅಗಲದ ತುಂಡು ಗೋಡೆಯ ಕಡೆಗೆ ಬರಲಿ, ಜೋಡಿಸಿದ ಹೊಲಿಗೆ ನೆರಿಗೆಯಲ್ಲಿ ಅಡಗುತ್ತದೆ.

ಉದ್ದ: ರಾಡಿನ ಮೇಲಂಚಿನಿಂದ ನೆಲಕ್ಕೆ 89 ಇಂಚು. ರಾಡಿನ ಮೇಲೆ ಬಟ್ಟೆ ಒಂದೂವರೆ ಇಂಚು ಎದ್ದಿರುತ್ತದೆ, ನೆಲದಿಂದ ಅರ್ಧ ಇಂಚು ಬಿಡಬೇಕು, ಇಲ್ಲದಿದ್ದರೆ ನೆಲ ಒರೆಸಿದಾಗಲೆಲ್ಲ ಅಂಚು ಕೊಳೆ ಹೀರುತ್ತದೆ. ಸಿದ್ಧ ಉದ್ದ 90 ಇಂಚು. ಕೆಳಗೆ 4 ಇಂಚಿನ ಜೋಡಿಮಡಿಕೆಗೆ 8, ಮೇಲೆ ಬಕ್ರಂ (ಅಂಚು ಬಿಗಿಯಾಗಿ ನಿಲ್ಲಿಸುವ ಗಡುಸು ಪಟ್ಟಿ) ಕೂರಿಸಲು ನಾಲ್ಕೂವರೆ; ಕತ್ತರಿಸುವ ಉದ್ದ 102.5 ಇಂಚು, ಅಂದರೆ ಸುಮಾರು 2.6 ಮೀಟರ್. ಮೂರು ಅಗಲಕ್ಕೆ 7.8 ಮೀಟರ್. ಪಾಲಿಯೆಸ್ಟರ್ ಆದರೆ 8 ಮೀಟರ್ ಸಾಕು. ಹತ್ತಿಯಾದರೆ 5 ಶೇಕಡ ಕುಗ್ಗುತ್ತದೆಂದು ಹಿಡಿದು ಎಂಟೂವರೆ ತಂದು, ನೆನೆಸಿ ಒಣಗಿಸಿದ ಮೇಲೇ ಟೈಲರಿಗೆ ಕೊಡಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ನಾಲ್ಕು ಇಂಚು ಮೇಲೇರಿ ಮತ್ತೆ ಪಂಚೆಯೇ. ದೊಡ್ಡ ಹೂವಿನ ಡಿಸೈನ್ ಆದರೆ ಹೂವು ಹೂವಿಗೆ ಕೂಡಿಸಲು ಪ್ರತಿ ಅಗಲಕ್ಕೂ ಒಂದು ಡಿಸೈನಿನ ಉದ್ದ ಹೆಚ್ಚು ಬೇಕು. ಈ ಲೆಕ್ಕ ನೋಡಿಯೇ ನಾನು ಹೂವಿನ ಆಸೆ ಬಿಟ್ಟೆ.

ರಿಂಗುಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಆಗ ಮಾತ್ರ ಎರಡೂ ಕೊನೆಯ ಅಂಚುಗಳು ಗೋಡೆಯ ಕಡೆಗೆ ತಿರುಗುತ್ತವೆ. ಬದಿಗೆ ಒಂದೂವರೆ ಅಗಲದಲ್ಲಿ ಹೊಲಿಗೆಯೆಲ್ಲ ಕಳೆದು ಉಳಿದ 68 ಇಂಚಿಗೆ 12 ರಿಂಗು, ನಡುವೆ ಸುಮಾರು 6 ಇಂಚು ಅಂತರ.

ರಾಡು 25 ಮಿಲಿಮೀಟರಿನದು. 19ರದ್ದು ಅಗ್ಗ, ಆದರೆ ಅಸ್ತರಿರುವ ಪರದೆಯ ಭಾರಕ್ಕೆ 6 ಅಡಿಯಲ್ಲೇ ಬಾಗುತ್ತದೆ. 6 ಅಡಿ ದಾಟಿದರೆ ನಡುವೆ ಮೂರನೆಯ ಬ್ರಾಕೆಟ್ ಬೇಕು. ರಿಂಗು ಆ ಬ್ರಾಕೆಟನ್ನು ದಾಟುವುದಿಲ್ಲ ಎಂಬುದನ್ನು ಮರೆಯಬಾರದು. ಹಾಲ್‌ನ 8 ಅಡಿ ಸ್ಲೈಡಿಂಗ್ ಬಾಗಿಲಿಗೆ ಪರದೆ ಪೂರ್ತಿ ಒಂದೇ ಬದಿಗೆ ಸರಿಯಬೇಕಿತ್ತು. ಅಲ್ಲಿ ರಾಡ್ ಬಿಟ್ಟು ಅಲ್ಯೂಮಿನಿಯಂ ಟ್ರ್ಯಾಕ್, ರನ್ನರ್, ಹುಕ್ ಹಾಕಿಸಿದೆ. ಗೋಡೆಯಿಂದ ರಾಡಿನ ನಡುವಿಗೆ ಕನಿಷ್ಠ 3 ಇಂಚು ಬಿಡಿ. ನೆರಿಗೆ ಹಿಂದಕ್ಕೂ ಮುಂದಕ್ಕೂ ಅಲೆಯುತ್ತದೆ, ಕಿಟಕಿಯ ಹಿಡಿಕೆಗೋ ಗ್ರಿಲ್ಲಿಗೋ ಸಿಕ್ಕಿ ಹರಿಯುತ್ತದೆ. ತೆಳುಪರದೆ, ದಪ್ಪಪರದೆ ಎರಡೂ ಬೇಕಾದರೆ ಜೋಡಿ ಬ್ರಾಕೆಟ್. ಮುಂದಿನ ರಾಡ್ 6 ಇಂಚಿನಷ್ಟು ಮುಂದೆ ಬರುತ್ತದೆ, ಪಕ್ಕದ ವಾರ್ಡ್‌ರೋಬ್ ಬಾಗಿಲು ತಾಗುತ್ತದೆಯೇ ನೋಡಿಕೊಳ್ಳಿ.

ಕಿಟಕಿಯ ಮೇಲೆ 5 ಇಂಚಿನಲ್ಲಿ ಸಾಮಾನ್ಯವಾಗಿ ಸಿಗುವುದು ಲಿಂಟಲ್, ಅಂದರೆ ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ. ಹ್ಯಾಮರ್ ಡ್ರಿಲ್ಲೇ ಬೇಕು, 6 ಮಿಲಿಮೀಟರ್ ಬಿಟ್, ಅದೇ ಅಳತೆಯ ಪ್ಲಾಸ್ಟಿಕ್ ಪ್ಲಗ್, 35 ಮಿಲಿಮೀಟರ್ ಸ್ಕ್ರೂ. ಬಿಟ್ ಸ್ವಲ್ಪ ಒಳಗೆ ಹೋಗಿ ಕಬ್ಬಿಣದ ಸದ್ದು ಮಾಡಿ ನಿಂತರೆ ಅದು ಸರಳು. ಒತ್ತಬೇಡಿ, ಒಂದು ಇಂಚು ಪಕ್ಕಕ್ಕೆ ಸರಿಯಿರಿ. ಲಿಂಟಲ್ ಮೇಲಿನ ಹಾಲೋ ಬ್ಲಾಕಿಗೆ ಹೋದರೆ ಪ್ಲಗ್ ಪೊಳ್ಳಿನಲ್ಲಿ ಸುತ್ತುತ್ತಲೇ ಇರುತ್ತದೆ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ತೂತು ಬೇಡ, ಒಳಗೆ ವೈರಿನ ಪೈಪ್ ಇರಬಹುದು. ಫಾಲ್ಸ್ ಸೀಲಿಂಗಿನ ಜಿಪ್ಸಂಗೆ ಟ್ರ್ಯಾಕನ್ನು ನೇರವಾಗಿ ಬಿಗಿಯಬಾರದು, ಹಿಂದೆ ಪ್ಲೈವುಡ್ ಪಟ್ಟಿ ಇರಲೇಬೇಕು.

ಕತ್ತಲೆ ಬೇಕಾದ ಕೋಣೆಗೆ ಹಿಂಬದಿ ಲೇಪವಿರುವ ಬ್ಲ್ಯಾಕ್‌ಔಟ್ ಬಟ್ಟೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಸೂಜಿ ಹೋದ ಕಡೆಯಲ್ಲೆಲ್ಲ ಬೆಳಕು ತೂರಿ ಹಗಲಲ್ಲೇ ನಕ್ಷತ್ರ ಕಾಣುತ್ತವೆ, ಕೆಲವು ಒಗೆತದ ಮೇಲೆ ಲೇಪ ಬಿರುಕು ಬಿಡುತ್ತದೆ. ನಡುವೆ ಕಪ್ಪುನೂಲು ನೇಯ್ದ ಬಟ್ಟೆ ಒಳ್ಳೆಯದು. ಅಂಗಡಿಯಲ್ಲಿ ಮೊಬೈಲ್ ಟಾರ್ಚನ್ನು ಬಟ್ಟೆಯ ಹಿಂದೆ ಹಿಡಿದರೆ ತಿಳಿಯುತ್ತದೆ. ಬಣ್ಣಕ್ಕೆ ಮಾತ್ರ ಅಂಗಡಿ ದೀಪ ನಂಬಬೇಡಿ. ಕಾಲು ಮೀಟರ್ ತುಂಡು ತಂದು ಕಿಟಕಿಗೆ ಪಿನ್ ಮಾಡಿ, ಸಂಜೆ ನಾಲ್ಕಕ್ಕೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ ನೋಡಿ. ತೆಳುಪರದೆಯಾದರೆ ರಾತ್ರಿ ಹೊರಗೆ ನಿಂತೂ ನೋಡಿ. ಹಗಲು ಮರೆಮಾಡುವ ಬಟ್ಟೆ ಒಳಗೆ ದೀಪ ಹತ್ತಿದ ಕೂಡಲೇ ಎಲ್ಲವನ್ನೂ ತೋರಿಸಿಬಿಡುತ್ತದೆ.

ಓದುವ ಕೋಣೆಗೆ ರೋಲರ್ ಬ್ಲೈಂಡ್. ಚೌಕಟ್ಟಿನ ಒಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಬೇಕು. ಗಾರೆ ಎಂದೂ ನೇರ ಇರುವುದಿಲ್ಲ. ಬ್ರಾಕೆಟ್ಟಿನ ಜಾಗದಿಂದ ಎರಡೂ ಅಂಚಿನಲ್ಲಿ ಬೆಳಕಿನ ಗೆರೆ ಉಳಿಯುತ್ತದೆ, ಹಾಗಾಗಿ ಮಲಗುವ ಕೋಣೆಗೆ ಇದು ಬೇಡ. ತೆಳು, ದಪ್ಪ ಪಟ್ಟಿಗಳು ಒಂದಾದ ಮೇಲೊಂದಿರುವ ಜೀಬ್ರಾ ಬ್ಲೈಂಡಿನದೂ ಅದೇ ಕಥೆ. ಎರಡು ಬ್ರಾಕೆಟ್ ಸಮಮಟ್ಟದಲ್ಲಿ ಇಲ್ಲದಿದ್ದರೆ ಬಟ್ಟೆ ಒಂದು ಬದಿಗೆ ಸರಿಯುತ್ತಾ ಸುತ್ತಿಕೊಂಡು ಅಂಚು ಹರಿಯುತ್ತದೆ. ವಾಷರ್ ಕೊಟ್ಟು ಮಟ್ಟ ಸರಿಮಾಡಿ. ಎಳೆಯುವ ಸರಪಳಿ ಜೋತಾಡುವಂತೆ ಬಿಡಬಾರದು. ಚಿಕ್ಕ ಮಕ್ಕಳ ಕೊರಳಿಗೆ ಸಿಕ್ಕಿಕೊಳ್ಳುವ ಅಪಾಯ ದೊಡ್ಡದು. ನೆಲದಿಂದ 5 ಅಡಿ ಮೇಲೆ ಕೊಕ್ಕೆ ಹೊಡೆದು ಬಿಗಿಯಾಗಿ ಸುತ್ತಿಡಿ.

ಒಲೆಯ ಪಕ್ಕದ ಕಿಟಕಿಗೆ ಬಟ್ಟೆ ಬೇಡವೇ ಬೇಡ. ವೆನೀಶಿಯನ್ ಬ್ಲೈಂಡಿನ ಪಟ್ಟಿಗಳ ಮೇಲೆ ಒಗ್ಗರಣೆ ಜಿಡ್ಡು ಕೂತರೆ ಒಂದೊಂದಾಗಿ ಉಜ್ಜುವುದು ಶಿಕ್ಷೆ. ಕೆಳಗಿನ ಅರ್ಧ ಗಾಜಿಗೆ ಫ್ರಾಸ್ಟೆಡ್ ಫಿಲ್ಮ್ ಸಾಕಾಯಿತು. ಗಾಜಿಗೆ ಸೋಪುನೀರು ಚಿಮುಕಿಸಿ, ಅಂಚಿನಲ್ಲಿ 2 ಮಿಲಿಮೀಟರ್ ಬಿಟ್ಟು ಅಂಟಿಸಿ, ನಡುವಿನಿಂದ ಹೊರಕ್ಕೆ ನೀರು ಒತ್ತಿ ತೆಗೆಯಬೇಕು. ಪಿನ್‌ಹೆಡ್ ಗಾಜಿನ ತರಿ ಇರುವ ಬದಿಗೆ ಇದು ಹಿಡಿಯುವುದಿಲ್ಲ.

ಹಳೆಯ ರೇಷ್ಮೆ ಸೀರೆಯನ್ನು ಪರದೆ ಮಾಡುವವರಿಗೆ ಒಂದು ಮಾತು: ಐದೂವರೆ ಮೀಟರ್ ಸೀರೆಯಲ್ಲಿ ಎರಡು ಪರದೆಯ ಉದ್ದ ಸರಿಯಾಗಿ ಬರುತ್ತದೆ, ನಿಜ. ಆದರೆ ಪಶ್ಚಿಮದ ಬಿಸಿಲಿಗೆ ರೇಷ್ಮೆ ಸುಟ್ಟು ಮಡಿಕೆಯಲ್ಲೇ ಸೀಳುತ್ತದೆ. ಉತ್ತರದ ಕಿಟಕಿಗೆ, ಹಿಂದೆ ಅಸ್ತರು ಕೊಟ್ಟು ಹಾಕಿ. ಹತ್ತಿ ಸೀರೆಯಾದರೆ ಇಷ್ಟು ಅಂಜಬೇಕಿಲ್ಲ.

ಒಗೆಯುವಾಗ ರಿಂಗಿನ ಸಾಲನ್ನು ಒಟ್ಟುಮಾಡಿ ದಿಂಬಿನ ಚೀಲದಲ್ಲಿ ಕಟ್ಟಿ ಮಷಿನ್ನಿಗೆ ಹಾಕುತ್ತೇನೆ, ಡ್ರಮ್ಮಿಗೆ ಬಡಿಯುವುದಿಲ್ಲ. ಕರಾವಳಿಯ ಮನೆಗಾದರೆ ಪ್ಲಾಸ್ಟಿಕ್ ರಿಂಗು, ಸ್ಟೇನ್‌ಲೆಸ್ ಸ್ಟೀಲ್ ರಾಡು. ಬಣ್ಣ ಬಳಿದ ಕಬ್ಬಿಣದ ರಾಡಿನ ತುಕ್ಕು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಪೂರ್ತಿ ಒಣಗುವ ಮುನ್ನ, ಇನ್ನೂ ತುಸು ಹಸಿಯಿರುವಾಗಲೇ ರಾಡಿಗೆ ಏರಿಸಿ ನೆರಿಗೆಯನ್ನು ಕೈಯಿಂದ ತಿದ್ದಿಬಿಟ್ಟರೆ ಬಟ್ಟೆಯ ಭಾರಕ್ಕೇ ಸುಕ್ಕು ಇಳಿಯುತ್ತದೆ, ಇಸ್ತ್ರಿಯ ಕೆಲಸ ಉಳಿಯುತ್ತದೆ.